ನೀರಿನ ದಾರಿ, ನೀರಿನ ಬಾಗಿಲು



ಊರಿಂದ ಊರಿಗೆ ಹೋಗಲು ನಾವು ಏನು ಹಿಡಿಯುತ್ತೇವೆ? ಬಸ್ಸು, ರೈಲು, ಟೆಂಪೊ. ನಡುವೆ ಹೊಳೆ ಬಂದರೆ ದೋಣಿ ಹತ್ತುತ್ತೇವೆ. ಹೊಳೆ ದಾಟಿದ ಮೇಲೆ ಮತ್ತೆ ನೆಲದ ದಾರಿಯೇ.

ಆದರೆ ಬೆಳಿಗ್ಗೆ ಬೋಟು ಹತ್ತಿ, ಸಂಜೆವರೆಗೂ ನೀರಿನ ಮೇಲೇ ಸಾಗಿ, ಬೇರೆ ಪಟ್ಟಣದಲ್ಲಿ ಇಳಿಯುವ ದಾರಿಯೂ ಉಂಟು. ಅಂಥ ದಾರಿ ನಮ್ಮ ಪಕ್ಕದ ರಾಜ್ಯ ಕೇರಳದಲ್ಲಿದೆ. ಅಲ್ಲಿ ಕಾಲುವೆ ಇದೆ, ಸರೋವರ ಇದೆ. ನೀರಿಗೆ ಬಾಗಿಲು ಕೂಡ ಇದೆ!

ನೀರಿಗೆ ಬಾಗಿಲು ಯಾಕೆ? ಅದನ್ನು ಬೋಟು ದಾಟುವುದು ಹೇಗೆ? ನೀರಿನ ಮೇಲೆ ಸಂತೋಷವಾಗಿ ಹೋಗಿ, ಕ್ಷೇಮವಾಗಿ ಮನೆಗೆ ಬರಲು ಏನು ತಿಳಿದಿರಬೇಕು? ಈ ಪಾಠದಲ್ಲಿ ಅದನ್ನು ಓದೋಣ.

ದಾರಿ ಯಾವುದು?

ಕೇರಳದ ತೆಂಕು ಭಾಗದಲ್ಲಿ ಕೊಲ್ಲಂ ಎಂಬ ಪಟ್ಟಣವಿದೆ. ಅದರ ಉತ್ತರಕ್ಕೆ ಆಲಪ್ಪುಳ ಪಟ್ಟಣ. ಇದನ್ನು ಆಲೆಪ್ಪಿ ಅಂತಲೂ ಕರೆಯುತ್ತಾರೆ. ಎರಡೂ ಸಮುದ್ರದ ದಂಡೆಯ ಊರುಗಳು. ಸಮುದ್ರಕ್ಕೆ ಹತ್ತಿರದಲ್ಲೇ, ನೆಲದ ಒಳಗೆ, ಸರೋವರಗಳ ಸಾಲು ಇದೆ. ಮಲೆನಾಡಿನಿಂದ ಇಳಿದ ಹೊಳೆಗಳು ಇಲ್ಲಿ ಬಂದು ಸೇರುತ್ತವೆ. ಸಮುದ್ರದ ನೀರೂ ಒಳಗೆ ಬರುತ್ತದೆ. ಇದನ್ನು ಹಿನ್ನೀರು ಎನ್ನುತ್ತಾರೆ.

ಒಂದು ಸರೋವರಕ್ಕೂ ಇನ್ನೊಂದು ಸರೋವರಕ್ಕೂ ನಡುವೆ ಹಿಂದಿನವರು ಕಾಲುವೆ ತೋಡಿದರು. ಆಗ ನೀರಿನ ಉದ್ದನೆಯ ದಾರಿ ಆಯಿತು. ರಸ್ತೆ ಇಲ್ಲದ ಕಾಲದಲ್ಲಿ ಅಕ್ಕಿ, ಮೆಣಸು, ತೆಂಗಿನಕಾಯಿ ಎಲ್ಲ ಈ ದಾರಿಯಲ್ಲೇ ಹೋಗುತ್ತಿದ್ದವು. ನೆಂಟರ ಮನೆಗೆ ಹೋಗುವವರೂ ಇಲ್ಲೇ ದೋಣಿ ಹತ್ತುತ್ತಿದ್ದರು. 1993ರಲ್ಲಿ ಸರ್ಕಾರ ಈ ದಾರಿಯನ್ನು ರಾಷ್ಟ್ರೀಯ ಜಲಮಾರ್ಗ ಎಂದು ಘೋಷಿಸಿತು. ಕೊಲ್ಲಂನಿಂದ ಕೊಟ್ಟಪುರಂವರೆಗೆ, ಪಕ್ಕದ ಎರಡು ಕಾಲುವೆಗಳೂ ಸೇರಿ, ಆಗ ಇದರ ಉದ್ದ 205 ಕಿಲೋಮೀಟರ್.

ಕೊಲ್ಲಂ ಮತ್ತು ಆಲಪ್ಪುಳದ ನಡುವೆ ಪ್ರವಾಸಿಗರ ಬೋಟು ಹಲವು ವರ್ಷ ಓಡಿತು. ಬೆಳಿಗ್ಗೆ ಹತ್ತೂವರೆಗೆ ಹೊರಟರೆ ಸಂಜೆ ಆರೂವರೆಗೆ ತಲುಪುತ್ತಿತ್ತು. ಎಂಟು ಗಂಟೆ! ಬಸ್ಸಿನಲ್ಲಾದರೆ ಎರಡು ಮೂರು ಗಂಟೆಯ ದಾರಿ. ಹಾಗಾದರೆ ಬೋಟು ಯಾಕೆ ಬೇಕು? ಬೇಗ ತಲುಪುವುದಕ್ಕಲ್ಲ. ನಿಧಾನವಾಗಿ ನೋಡುತ್ತಾ ಹೋಗುವುದಕ್ಕೆ.

ಪ್ರವಾಸ ಅಂದರೆ ದುಡ್ಡಿದ್ದವರಿಗೆ ಮಾತ್ರ ಅಂತ ನಾವು ತಿಳಿದಿದ್ದೇವೆ. ವರ್ಷವಿಡೀ ಹೊಲ, ಮನೆ, ಒಲೆ, ಮಕ್ಕಳು ಅಂತ ದುಡಿಯುವ ಹೆಂಗಸಿಗೆ ಒಂದು ದಿನ ಕೈಕಟ್ಟಿ ಕೂತು ನೀರು ನೋಡುವ ಹಕ್ಕು ಇಲ್ಲವೇ? ಇದೆ. ಸಂಘದ ಅಕ್ಕಂದಿರು ಸೇರಿ ದುಡ್ಡು ಹಾಕಿಕೊಂಡು ಹೋಗುವುದೂ ಉಂಟು.

ಎಂಟು ಮುಡಿಯ ಸರೋವರ

ಕೊಲ್ಲಂನಲ್ಲಿ ಇರುವುದು ಅಷ್ಟಮುಡಿ ಸರೋವರ. ಅಷ್ಟ ಎಂದರೆ ಎಂಟು. ಮುಡಿ ಎಂದರೆ ನಮ್ಮ ಮುಡಿಯೇ, ಕೂದಲು. ಈ ಸರೋವರ ಒಂದೇ ಗುಂಡಗೆ ಇಲ್ಲ. ಬಿಚ್ಚಿದ ಜಡೆಯ ಎಳೆಗಳಂತೆ ಹಲವು ಕವಲಾಗಿ ಹರಡಿದೆ. ಅದಕ್ಕೇ ಈ ಹೆಸರು.

ದಡದಲ್ಲಿ ದೊಡ್ಡ ದೊಡ್ಡ ಬಲೆಗಳು ನಿಂತಿರುತ್ತವೆ. ಇವಕ್ಕೆ ಚೀನಾ ಬಲೆ ಎಂದು ಹೆಸರು. ನಮ್ಮ ಏತ ನೆನಪಿದೆಯಲ್ಲ? ಒಂದು ಕಡೆ ಬಾನಿ, ಇನ್ನೊಂದು ಕಡೆ ಭಾರ. ಇದೂ ಅದೇ ಲೆಕ್ಕ. ಒಂದು ತುದಿಗೆ ಬಲೆ, ಇನ್ನೊಂದು ತುದಿಗೆ ಕಟ್ಟಿದ ಕಲ್ಲುಗಳು. ಬಲೆಯನ್ನು ನೀರಿಗೆ ಇಳಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತುತ್ತಾರೆ. ಮೀನು ಬಲೆಯಲ್ಲಿ ಉಳಿಯುತ್ತದೆ.

ಸರೋವರ ದಾಟಿದರೆ ಕಾಲುವೆ ಬರುತ್ತದೆ. ಎರಡೂ ಬದಿಗೆ ತೆಂಗಿನ ಮರ. ಮನೆಯ ಮೆಟ್ಟಿಲು ನೇರ ನೀರಿಗೇ ಇಳಿದಿರುತ್ತದೆ. ಹೆಂಗಸರು ಅಲ್ಲೇ ಬಟ್ಟೆ ಒಗೆಯುತ್ತಾರೆ, ಪಾತ್ರೆ ತೊಳೆಯುತ್ತಾರೆ. ನಮಗೆ ಅದು ನೋಡುವ ನೋಟ. ಅವರಿಗೆ ಅದು ಮನೆಯ ಅಂಗಳ. ಆದ್ದರಿಂದ ಬೋಟಿನಿಂದ ಕೂಗುವುದು, ಕಸ ಎಸೆಯುವುದು ಸರಿಯಲ್ಲ.

ಈ ದಂಡೆಯ ಹೆಂಗಸರು ತಲೆತಲಾಂತರದಿಂದ ತೆಂಗಿನ ನಾರಿನ ಕೆಲಸ ಮಾಡಿದವರು. ತೆಂಗಿನಕಾಯಿಯ ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ನೆನೆಹಾಕುತ್ತಿದ್ದರು. ಕೊಳೆತ ಸಿಪ್ಪೆಯನ್ನು ಕೋಲಿನಿಂದ ಬಡಿದು ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಕೆಟ್ಟ ನಾತ, ಕೈತುಂಬ ಗಾಯ, ಕಡಿಮೆ ಕೂಲಿ. ನಾವು ಕೊಳ್ಳುವ ಕಾಲೊರಸಿನ ಹಿಂದೆ ಇಷ್ಟು ದುಡಿಮೆ ಇತ್ತು. ಈಗ ಸಿಪ್ಪೆ ಬಿಡಿಸಲು ಹೆಚ್ಚಾಗಿ ಯಂತ್ರ ಬಂದಿದೆ.

ನೀರಿನ ಬಾಗಿಲು

ಮುಂದೆ ಕಾಯಂಕುಳಂ ಸರೋವರ. ಅದನ್ನು ದಾಟಿದ ಮೇಲೆ ತೃಕ್ಕುನ್ನಪ್ಪುಳ ಎಂಬ ಊರು. ಕಾಲುವೆಗೆ ಅಡ್ಡವಾಗಿ ಬಾಗಿಲು ಇಟ್ಟಿರುವುದು ಇಲ್ಲಿ. ಇದಕ್ಕೆ ಲಾಕ್ ಎನ್ನುತ್ತಾರೆ. ಲಾಕ್ ಅಂದರೆ ಬೀಗ. ಇದು ನೀರಿಗೆ ಹಾಕಿದ ಬೀಗ.

ನಾಲೆಯ ತೂಬು ನೀವು ನೋಡಿದ್ದೀರಿ. ತೂಬಿಗೆ ಒಂದೇ ಬಾಗಿಲು. ಎತ್ತಿದರೆ ನೀರು ನುಗ್ಗುತ್ತದೆ. ಅಲ್ಲಿ ದೋಣಿ ನಡೆಯದು. ಲಾಕಿಗೆ ಎರಡು ಬಾಗಿಲು. ನಡುವೆ ಕೋಣೆಯಂಥ ಜಾಗ. ಬೋಟು ತಗ್ಗು ನೀರಿನಿಂದ ಎತ್ತರದ ನೀರಿಗೆ ಹೋಗಬೇಕು ಅಂತ ಇಟ್ಟುಕೊಳ್ಳಿ. ಆಗ ಹೀಗೆ ಮಾಡುತ್ತಾರೆ:

1. ತಗ್ಗಿನ ಕಡೆಯ ಬಾಗಿಲು ತೆರೆಯುತ್ತಾರೆ. ಬೋಟು ಕೋಣೆಯ ಒಳಗೆ ಬರುತ್ತದೆ.

2. ಹಿಂದಿನ ಬಾಗಿಲು ಮುಚ್ಚುತ್ತಾರೆ. ಈಗ ಎರಡೂ ಬಾಗಿಲು ಮುಚ್ಚಿವೆ.

3. ಮೇಲಿನ ನೀರನ್ನು ಕಿಂಡಿಯಿಂದ ಮೆಲ್ಲಗೆ ಕೋಣೆಗೆ ಬಿಡುತ್ತಾರೆ. ನೀರು ಏರುತ್ತದೆ. ನೀರಿನ ಜೊತೆ ಬೋಟೂ ಏರುತ್ತದೆ.

4. ಕೋಣೆಯ ನೀರು, ಹೊರಗಿನ ನೀರು ಸಮ ಆದಾಗ ಮುಂದಿನ ಬಾಗಿಲು ತೆರೆಯುತ್ತಾರೆ. ಬೋಟು ಹೊರಟುಹೋಗುತ್ತದೆ.

ಎತ್ತರದಿಂದ ತಗ್ಗಿಗೆ ಬರಬೇಕಾದರೆ ಇದೇ ಕೆಲಸ ತಿರುಗುಮುರುಗು. ಕೋಣೆಯ ನೀರನ್ನು ಮೆಲ್ಲಗೆ ಕೆಳಕ್ಕೆ ಬಿಟ್ಟರೆ ಬೋಟು ಇಳಿಯುತ್ತದೆ.

ಇಲ್ಲಿ ಬೋಟನ್ನು ಎತ್ತುವುದು ಯಾರು? ಯಂತ್ರ ಅಲ್ಲ, ಆಳು ಅಲ್ಲ. ನೀರೇ ಎತ್ತುತ್ತದೆ. ಮನೆಯಲ್ಲೇ ನೋಡಿ. ಬಕೆಟ್ಟಿಗೆ ಸ್ವಲ್ಪ ನೀರು ಹಾಕಿ, ಅದರಲ್ಲಿ ಚಿಕ್ಕ ಬಟ್ಟಲು ತೇಲಿಬಿಡಿ. ಬಕೆಟ್ಟಿನ ಅಂಚಿಗೆ ಇನ್ನಷ್ಟು ನೀರು ಸುರಿಯಿರಿ. ಬಟ್ಟಲು ತಾನಾಗಿ ಮೇಲಕ್ಕೆ ಬರುತ್ತದೆ.

ದೂರದ ಪನಾಮಾ ದೇಶದಲ್ಲಿ 1914ರಲ್ಲಿ ತೆರೆದ ಕಾಲುವೆಗೂ ಇದೇ ಉಪಾಯ. ಅಲ್ಲಿ ಸಮುದ್ರದ ದೊಡ್ಡ ಹಡಗುಗಳನ್ನೇ ಲಾಕುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಸುಮಾರು 26 ಮೀಟರ್ ಎತ್ತರದ ಸರೋವರಕ್ಕೆ ಮುಟ್ಟಿಸುತ್ತಾರೆ.

ಬಾಗಿಲು ಯಾರನ್ನು ತಡೆಯುತ್ತದೆ?

ತೃಕ್ಕುನ್ನಪ್ಪುಳದ ಬಾಗಿಲಿಗೆ ಇನ್ನೊಂದು ದೊಡ್ಡ ಕೆಲಸ ಇದೆ. ಅದು ಉಪ್ಪುನೀರನ್ನು ತಡೆಯಬೇಕು.

ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಮಳೆಗಾಲದಲ್ಲಿ ಹೊಳೆಗಳು ತುಂಬಿ ಹರಿದು ಉಪ್ಪುನೀರನ್ನು ಹೊರಕ್ಕೆ ತಳ್ಳುತ್ತವೆ. ಬೇಸಿಗೆಯಲ್ಲಿ ಹೊಳೆ ಸೊರಗುತ್ತದೆ. ಆಗ ಉಪ್ಪುನೀರು ಒಳಗೆ ಬರುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದು ಗದ್ದೆಗೆ ನುಗ್ಗಿದರೆ ಬತ್ತ ಸುಟ್ಟಹಾಗೆ ಒಣಗುತ್ತದೆ. ಕುಡಿಯುವ ನೀರೂ ಕೆಡುತ್ತದೆ.

ಉಪ್ಪುನೀರು ಸಿಹಿನೀರಿಗಿಂತ ಭಾರ. ಒಂದು ಲೋಟ ಸಿಹಿನೀರಿಗೆ ಒಳ್ಳೆಯ ಕೋಳಿಮೊಟ್ಟೆ ಹಾಕಿ, ಮುಳುಗುತ್ತದೆ. ಎರಡು ಮೂರು ದೊಡ್ಡ ಚಮಚ ಉಪ್ಪು ಕರಗಿಸಿ, ಮೊಟ್ಟೆ ತೇಲುತ್ತದೆ. ಭಾರವಾದ ಉಪ್ಪುನೀರು ಸಿಹಿನೀರಿನ ಅಡಿಯಲ್ಲಿ ಸದ್ದಿಲ್ಲದೆ ಮುಂದೆ ಹೋಗುತ್ತದೆ. ಮೇಲಿಂದ ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ನೀರಿನ ತಳದವರೆಗೂ ಇಳಿಯುವ ಬಾಗಿಲು ಬೇಕು.

ಈ ಬಾಗಿಲಿನಲ್ಲಿ ದುರಸ್ತಿ, ಕಟ್ಟಡದ ಕೆಲಸ ನಡೆಯುವಾಗ ದಾರಿ ಮುಚ್ಚಿರುತ್ತದೆ. ಆದ್ದರಿಂದ ಹೊರಡುವ ಮುಂಚೆ ಬೋಟು ಇದೆಯೇ, ಎಲ್ಲಿವರೆಗೆ ಹೋಗುತ್ತದೆ ಎಂದು ವಿಚಾರಿಸಿಕೊಳ್ಳಬೇಕು.

ಪಲ್ಲನದಲ್ಲಿ ನಡೆದದ್ದು

ಲಾಕು ದಾಟಿ ಉತ್ತರಕ್ಕೆ ಹೋದರೆ ಪಲ್ಲನ ಎಂಬ ಜಾಗ. ಇಲ್ಲಿ ಮಲಯಾಳದ ದೊಡ್ಡ ಕವಿ ಕುಮಾರನ್ ಆಶಾನ್ ಅವರ ಸ್ಮಾರಕವಿದೆ. ಜಾತಿ ಭೇದದ ವಿರುದ್ಧ ಬರೆದವರು ಅವರು. 'ಚಂಡಾಲಭಿಕ್ಷುಕಿ' ಅವರ ಒಂದು ಕಾವ್ಯ. ಬಾವಿಯ ಬಳಿ ಬೌದ್ಧ ಭಿಕ್ಷುವಿಗೆ ನೀರು ಕೊಟ್ಟ ಹೆಣ್ಣಿನ ಕಥೆ ಅದು. ಆಕೆಯನ್ನು ಊರವರು ಮುಟ್ಟಬಾರದವಳು ಎಂದಿದ್ದರು. ಭಿಕ್ಷು ಮಾತ್ರ ಅವಳ ಕೈಯ ನೀರು ಕುಡಿದ.

ಆಶಾನ್ ಅವರ ಸ್ಮಾರಕ ಈ ಕಾಲುವೆಯ ದಡದಲ್ಲಿ ಯಾಕಿದೆ? 1924ರ ಜನವರಿ 16ರಂದು ಅವರು ತೀರಿಕೊಂಡದ್ದು ಇಲ್ಲೇ. ಕೊಲ್ಲಂನಿಂದ ಆಲಪ್ಪುಳಕ್ಕೆ ಹೊರಟ 'ರಿಡೀಮರ್' ಎಂಬ ಬೋಟಿನಲ್ಲಿ ಅವರಿದ್ದರು. ಉತ್ಸವ ಮುಗಿಸಿ ಊರಿಗೆ ಹೊರಟ ಜನ ಬೋಟಿನ ತುಂಬ ತುಂಬಿದ್ದರು. ಬೆಳಗಾಗುವ ಮೊದಲು ಪಲ್ಲನದ ತಿರುವಿನಲ್ಲಿ ಬೋಟು ಮಗುಚಿತು. ಕವಿಯ ಜೊತೆ ಇನ್ನೂ ಹಲವರು ಮುಳುಗಿದರು. ಆಗ ಕವಿಗೆ 50 ವರ್ಷ.

ಇದು ಸಮುದ್ರ ಅಲ್ಲ, ಬಿರುಗಾಳಿ ಅಲ್ಲ. ಎರಡೂ ಬದಿಗೆ ದಡ ಇರುವ ಕಾಲುವೆ. ಆದರೂ ಜನ ಸತ್ತರು. ಯಾಕೆ? ಬೋಟು ಹೊರುವಷ್ಟಕ್ಕಿಂತ ಹೆಚ್ಚು ಜನ ಹತ್ತಿದ್ದರು.

ನೂರು ವರ್ಷದ ಹಿಂದಿನ ಮಾತು, ಈಗ ಹಾಗಾಗುವುದಿಲ್ಲ ಅನ್ನಬೇಡಿ. 2002ರ ಜುಲೈ 27ರಂದು ಇದೇ ಸೀಮೆಯ ಕುಮರಕಂ ಬಳಿ ಬೋಟು ಮುಳುಗಿ 29 ಜನ ಸತ್ತರು. ಸರ್ಕಾರಿ ಕೆಲಸದ ಪರೀಕ್ಷೆ ಬರೆಯಲು ಹೊರಟವರು ಅದರಲ್ಲಿ ಬಹಳ ಜನ ಇದ್ದರು. 2019ರ ಜನವರಿ 21ರಂದು ನಮ್ಮದೇ ಕಾರವಾರದಲ್ಲಿ, ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿತು. ಮಕ್ಕಳೂ ಸೇರಿ 16 ಜನ ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಕತ್ತಲಾಗುವ ಹೊತ್ತಿಗೆ ಪ್ರವಾಸಿ ಬೋಟು ಮುಳುಗಿತು. ಸತ್ತವರು 22 ಜನ. ಅವರಲ್ಲಿ ಹೆಚ್ಚಿನವರು ಮಕ್ಕಳು. ಎಲ್ಲ ಕಡೆಯೂ ಕೇಳಿಬಂದ ಮಾತು ಒಂದೇ: ಮಿತಿ ಮೀರಿ ಜನ ಹತ್ತಿದ್ದರು.

ಬೋಟು ಮಗುಚುವುದು ಯಾಕೆ?

ಒಂದು ಬೋಗುಣಿಯನ್ನು ಬಾನಿಯ ನೀರಿನಲ್ಲಿ ತೇಲಿಬಿಡಿ. ಒಳಗೆ ತಳದಲ್ಲಿ ಸಣ್ಣ ಕಲ್ಲು ಇಡಿ. ಬೋಗುಣಿ ಸ್ವಲ್ಪ ತಗ್ಗುತ್ತದೆ, ಅಲುಗಾಡುವುದಿಲ್ಲ. ಇನ್ನಷ್ಟು ಕಲ್ಲು ಇಡಿ. ಅಂಚು ನೀರಿಗೆ ಹತ್ತಿರ ಬರುತ್ತದೆ. ಈಗ ನೀರನ್ನು ಕೈಯಿಂದ ಸ್ವಲ್ಪ ಅಲುಗಿಸಿ. ಸಣ್ಣ ಅಲೆಗೇ ನೀರು ಒಳಗೆ ಬರುತ್ತದೆ. ಭಾರ ಹೆಚ್ಚಾದರೆ ಆಗುವುದು ಇದು.

ಈಗ ಕಲ್ಲುಗಳನ್ನೆಲ್ಲ ಒಂದೇ ಬದಿಗೆ ಸರಿಸಿ. ಬೋಗುಣಿ ವಾಲಿ ಮಗುಚುತ್ತದೆ. "ಅಗೋ ಅಲ್ಲಿ ನೋಡಿ" ಅಂತ ಎಲ್ಲರೂ ಒಂದೇ ಕಡೆಗೆ ಓಡಿದರೆ ಬೋಟಿಗೂ ಹೀಗೇ ಆಗುತ್ತದೆ. ಮೇಲಿನ ಅಟ್ಟದಲ್ಲಿ ಜನ ತುಂಬಿದರೆ ಅಪಾಯ ಇನ್ನೂ ಹೆಚ್ಚು. ತಲೆಭಾರದ ಬೋಟು ಬೇಗ ವಾಲುತ್ತದೆ.

ಬಾಗಿಲಿಗೆ ಎರಡು ಮುಖ

ಮತ್ತೆ ನಮ್ಮ ದಾರಿಗೆ ಬರೋಣ. ಪಲ್ಲನದ ಮುಂದೆ ತೋಟ್ಟಪ್ಪಳ್ಳಿ. ಇಲ್ಲಿ 40 ಬಾಗಿಲುಗಳ ದೊಡ್ಡ ಕಟ್ಟೆ ಇದೆ. ಮಳೆಗಾಲದ ನೆರೆನೀರನ್ನು ಸಮುದ್ರಕ್ಕೆ ಬಿಡಲು ಇದನ್ನು ಕಟ್ಟಿದರು.

ಮುಂದೆ ಕುಟ್ಟನಾಡು, ಬತ್ತದ ನಾಡು. ಇಲ್ಲಿನ ಎಷ್ಟೋ ಗದ್ದೆಗಳು ಸಮುದ್ರದ ಮಟ್ಟಕ್ಕಿಂತ ತಗ್ಗಿನಲ್ಲಿವೆ. ಬೋಟಿನಲ್ಲಿ ಕೂತವರು ಗದ್ದೆಯನ್ನು ಮೇಲಿನಿಂದ ಕೆಳಕ್ಕೆ ನೋಡಬೇಕು! ಸುತ್ತ ಬದು ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಹೊರಹಾಕಿ ಬೆಳೆ ತೆಗೆಯುತ್ತಾರೆ. ಈ ಬೇಸಾಯಕ್ಕೆ 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮನ್ನಣೆ ಕೊಟ್ಟಿತು.

ಕುಟ್ಟನಾಡಿನ ಪಕ್ಕಕ್ಕೆ ವೇಂಬನಾಡು ಸರೋವರ. ನಮ್ಮ ದೇಶದ ಅತಿ ಉದ್ದದ ಸರೋವರ ಇದು. ಉಪ್ಪುನೀರು ತಡೆಯಲು ಇದರ ನಡುವೆ ತಣ್ಣೀರ್ಮುಕ್ಕಂ ಎಂಬಲ್ಲಿ ಒಡ್ಡು ಕಟ್ಟಿದರು. 1976ರಲ್ಲಿ ಅದು ಬಳಕೆಗೆ ಬಂತು. ಬೇಸಿಗೆಯಲ್ಲಿ ಅದರ ಬಾಗಿಲು ಮುಚ್ಚುತ್ತಾರೆ, ಮಳೆಗಾಲಕ್ಕೆ ತೆರೆಯುತ್ತಾರೆ. ಬೋಟು ದಾಟಲು ಅಲ್ಲೂ ಲಾಕ್ ಇದೆ.

ಬಾಗಿಲು ಮುಚ್ಚಿದರೆ ಬತ್ತದ ರೈತನಿಗೆ ಒಳ್ಳೆಯದು. ಆದರೆ ಮೀನು ಹಿಡಿಯುವವರಿಗೆ? ಸಮುದ್ರದಿಂದ ಬರುವ ಸೀಗಡಿ, ಮೀನಿನ ಮರಿಗಳು ಬಾಗಿಲ ಹೊರಗೇ ಉಳಿಯುತ್ತವೆ. ಒಳಗಿನ ನೀರು ನಿಂತ ನೀರಾಗುತ್ತದೆ. ಉಪ್ಪು ಬಂದರೆ ಸಾಯುತ್ತಿದ್ದ ಅಂತರಗಂಗೆ ಕಳೆ ಹಬ್ಬುತ್ತದೆ, ದೋಣಿಯ ದಾರಿ ಕಟ್ಟುತ್ತದೆ. ಗದ್ದೆಯ ಔಷಧ, ಊರ ಕೊಳೆ, ಪ್ರವಾಸಿ ಬೋಟುಗಳ ಎಣ್ಣೆ, ಶೌಚದ ನೀರು ಎಲ್ಲ ಅಲ್ಲೇ ಸೇರುತ್ತವೆ. ಬಾಗಿಲು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂದು ರೈತರಿಗೂ ಮೀನುಗಾರರಿಗೂ ಬಹಳ ವರ್ಷಗಳ ತಕರಾರು. ನಮ್ಮ ನಾಲೆಯ ಮೇಲ್ಭಾಗದವರಿಗೂ ಕೊನೆಭಾಗದವರಿಗೂ ನಡೆಯುವ ಜಗಳ ನಿಮಗೆ ಗೊತ್ತಿದೆ. ಇದೂ ಅಂಥದೇ.

ಸಂಜೆಗೆ ಆಲಪ್ಪುಳ ಬರುತ್ತದೆ. ಊರೊಳಗೂ ಕಾಲುವೆಗಳಿವೆ. ತಿರುವಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸರು 18ನೇ ಶತಮಾನದ ಕೊನೆಯಲ್ಲಿ ಈ ಬಂದರನ್ನು ಬೆಳೆಸಿದರು. ಈಗ ಇಲ್ಲಿ ದೋಣಿಮನೆಗಳು ಸಾಲಾಗಿ ನಿಂತಿರುತ್ತವೆ. ಹಿಂದೆ ಇವು ಬತ್ತ ಸಾಗಿಸುವ 'ಕೆಟ್ಟುವಳ್ಳಂ' ದೋಣಿಗಳು. ಕೆಟ್ಟು ಅಂದರೆ ಕಟ್ಟು, ವಳ್ಳಂ ಅಂದರೆ ದೋಣಿ. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಮಾಡುತ್ತಿದ್ದರು. ಆ ಹುರಿ ಹೊಸೆದ ಕೈ ಯಾರದು ಎಂದು ನೀವೇ ಹೇಳಬಲ್ಲಿರಿ.

ಹತ್ತುವ ಮುಂಚೆ ಓದಿ

ಎಲ್ಲೇ ಆಗಲಿ, ಬೋಟು ಹತ್ತುವ ಮುಂಚೆ ಇಷ್ಟು ಮಾಡಿ.

ಬೋಟಿನ ಮೇಲೆ ಬರೆದ ಬರಹ ಹುಡುಕಿ. ಎಷ್ಟು ಜನ ಹತ್ತಬಹುದು ಎಂದು ಅಲ್ಲಿ ಬರೆದಿರಬೇಕು. ಅಕ್ಷರ ಮಲಯಾಳದ್ದೋ ಇಂಗ್ಲಿಷಿನದೋ ಇರಬಹುದು. ಅದು ಓದಲು ಬಾರದಿದ್ದರೂ ಚಿಂತೆ ಇಲ್ಲ. 1, 2, 3 ಎಂಬ ಅಂಕಿಗಳು ಎಲ್ಲ ಕಡೆಯೂ ಒಂದೇ. ಅವನ್ನು ನೀವು ಕಲಿತಿದ್ದೀರಿ. ಯಾವ ಅಂಕಿ ಜನರ ಲೆಕ್ಕದ್ದು ಎಂದು ಕೇಳಿ. ಬರಹವೇ ಇಲ್ಲದಿದ್ದರೆ ಆ ಬೋಟು ಬೇಡ.

ಒಳಗಿರುವ ಜನರನ್ನು ಎಣಿಸಿ. ಕಂಕುಳ ಕೂಸನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀರಿಗೆ ದೊಡ್ಡವರು, ಚಿಕ್ಕವರು ಎಂಬ ಭೇದ ಇಲ್ಲ.

ಲೈಫ್ ಜಾಕೆಟ್ ಕೇಳಿ ಪಡೆಯಿರಿ. ಇದು ನೀರಿನಲ್ಲಿ ತೇಲಿಸುವ ಅಂಗಿ. ಸೀರೆಯ ಮೇಲೆ ಹಾಕಿಕೊಳ್ಳಲು ನಾಚಿಕೆ ಬೇಡ. ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ಮಕ್ಕಳಿಗೆ ಅವರ ಅಳತೆಯದೇ ಬೇಕು. ತಲೆಯಡಿಗೆ ಇಟ್ಟುಕೊಂಡ ಜಾಕೆಟ್ಟು ಯಾರನ್ನೂ ಉಳಿಸುವುದಿಲ್ಲ.

ಕೂತ ಜಾಗದಲ್ಲೇ ಇರಿ. ಎಲ್ಲರೂ ಒಂದೇ ಬದಿಗೆ ಹೋಗಬೇಡಿ. ಕತ್ತಲಾದ ಮೇಲೆ ಬೋಟಿನ ಸುತ್ತಾಟ ಬೇಡ.

ಬೋಟು ತುಂಬಿದ್ದರೆ "ನಾವು ಮುಂದಿನ ಬೋಟಿಗೆ ಬರ್ತೀವಿ" ಅನ್ನಿ. "ಏನಾಗಲ್ಲ, ಹತ್ತಿ ಅಕ್ಕ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಬೋಟಿನವರು ಕರೆಯಬಹುದು. ಮನೆಯವರೇ ಅವಸರ ಮಾಡಬಹುದು. ಆಗ ನೀವು ಓದಿದ ಅಂಕಿಯನ್ನು ಬೆರಳಿಟ್ಟು ತೋರಿಸಿ. 2021ರಲ್ಲಿ ಬಂದ ಒಳನಾಡು ಹಡಗುಗಳ ಕಾಯಿದೆ ಇದೆ. ಯಂತ್ರದ ಬೋಟಿಗೆ ತಪಾಸಣೆ, ನೋಂದಣಿ ಆಗಿರಬೇಕು ಎಂದು ಅದು ಹೇಳುತ್ತದೆ. ಕೇಳುವುದು ಜಗಳ ಅಲ್ಲ, ನಿಮ್ಮ ಹಕ್ಕು.

ಮಾಡಿ ನೋಡಿ, ಮಾತಾಡಿ

1. ಒಂದು ಬೋಟಿನ ಮೇಲೆ 30 ಎಂದು ಬರೆದಿದೆ. ಒಳಗೆ ಆಗಲೇ 26 ಜನ ಇದ್ದಾರೆ. ನಿಮ್ಮ ಗುಂಪಿನಲ್ಲಿ 5 ಹೆಂಗಸರು, 2 ಮಕ್ಕಳು. ಎಲ್ಲರೂ ಹತ್ತಿದರೆ ಎಷ್ಟು ಜನ ಆಗುತ್ತಾರೆ? ಮಿತಿಗಿಂತ ಎಷ್ಟು ಹೆಚ್ಚು? ನೀವು ಏನು ಮಾಡುತ್ತೀರಿ?

2. ಲಾಕಿನ ಎರಡೂ ಬಾಗಿಲುಗಳನ್ನು ಒಟ್ಟಿಗೆ ತೆರೆದರೆ ಏನಾಗುತ್ತದೆ?

3. ಒಡ್ಡಿನ ಬಾಗಿಲು ಮುಚ್ಚಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ? ನಿಮ್ಮ ಊರಿನ ಕೆರೆ, ನಾಲೆಯ ತೂಬು ತೆರೆಯುವುದನ್ನು ಯಾರು ನಿರ್ಧರಿಸುತ್ತಾರೆ? ಹೆಂಗಸರನ್ನು ಕೇಳುತ್ತಾರೆಯೇ?

4. ನಿಮ್ಮ ಹತ್ತಿರದ ಕೆರೆ, ಹೊಳೆ, ಜಲಾಶಯದಲ್ಲಿ ದೋಣಿ ಇದೆಯೇ? ಮುಂದಿನ ಸಲ ಹೋದಾಗ ಅದರ ಮೇಲೆ ಬರೆದದ್ದನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿ.